ಮೆಮೊರಿ ಬದಲಿಸುವ ಮುನ್ನ: ವೇಗದ ಅಂಕಿಗಳ ಅರ್ಥ ಮತ್ತು ವ್ಯಾಪಾರಿಯ ಲೆಕ್ಕ

ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವರ್ತಕರಿಗೆ 11 ಮತ್ತು 20ನೇ ತಾರೀಖುಗಳು ಚಿರಪರಿಚಿತ. ಮೊದಲನೆಯದು ಜಿಎಸ್‌ಟಿಆರ್-1 ನಮೂನೆಗೆ, ಎರಡನೆಯದು ಜಿಎಸ್‌ಟಿಆರ್-3ಬಿ ನಮೂನೆಗೆ ನಿಗದಿಯಾದ ಕಡೆಯ ದಿನ. ಕಚೇರಿಯ ಗಣಕಯಂತ್ರವು ಅತ್ಯಂತ ನಿಧಾನವೆನಿಸುವುದೂ ಇಂತಹ ದಿನಗಳಲ್ಲಿಯೇ. ಲೆಕ್ಕಪತ್ರದ ತಂತ್ರಾಂಶ, ನಾಲ್ಕಾರು ಎಕ್ಸೆಲ್ ಹಾಳೆಗಳು, ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ ಇವೆಲ್ಲವೂ ಒಟ್ಟಿಗೆ ತೆರೆದಿರುತ್ತವೆ. ಅದೇ ಹೊತ್ತಿಗೆ ಗಿರಾಕಿಯು ಬಿಲ್ಲಿಗಾಗಿ ಕಾದು ನಿಂತಿರುತ್ತಾನೆ. ದುರಸ್ತಿಗೆ ಕರೆಸಿದ ತಂತ್ರಜ್ಞನಿಂದ ಸಾಮಾನ್ಯವಾಗಿ ಬರುವ ಸಲಹೆಯೆಂದರೆ, ಹಳೆಯ ಮೆಮೊರಿಯನ್ನು ತೆಗೆಸಿ ಹೆಚ್ಚು ವೇಗದ ಮೆಮೊರಿಯನ್ನು ಹಾಕಿಸಬೇಕೆಂಬುದು.

ಈ ಸಲಹೆಯು ಕೆಲವು ಸಂದರ್ಭಗಳಲ್ಲಿ ಸರಿಯಾದದ್ದೇ ಆಗಿದ್ದರೂ ಅನೇಕ ಸಂದರ್ಭಗಳಲ್ಲಿ ಹಣ ಕೊಟ್ಟ ಮೇಲೂ ಯಂತ್ರವು ಮೊದಲಿನಂತೆಯೇ ಕುಂಟುತ್ತಿರುತ್ತದೆ. ಮೆಮೊರಿಯ ಗಾತ್ರ ಮತ್ತು ಮೆಮೊರಿಯ ವೇಗ ಇವೆರಡೂ ಬೇರೆ ಬೇರೆ ಗುಣಗಳೆಂಬುದನ್ನು ಗಮನಿಸದಿರುವುದೇ ಇದಕ್ಕೆ ಮುಖ್ಯ ಕಾರಣ. ಅದರಲ್ಲಿಯೂ 2025ರ ಉತ್ತರಾರ್ಧದಲ್ಲಿ ಮೆಮೊರಿ ಚಿಪ್‌ಗಳ ಬೆಲೆಯು ಜಗತ್ತಿನಾದ್ಯಂತ ತೀವ್ರವಾಗಿ ಏರಿದ ನಂತರ ಈ ತಪ್ಪು ಎಣಿಕೆಯ ಹೊರೆ ಹಗುರವೇನಲ್ಲ. ಆದ್ದರಿಂದ ವೇಗದ ಅಂಕಿಗಳ ಅರ್ಥವೇನು, ಅವು ಯಾವಾಗ ಲೆಕ್ಕಕ್ಕೆ ಬರುತ್ತವೆ, ಯಾವಾಗ ಬರುವುದಿಲ್ಲ ಎಂಬುದನ್ನು ಖರೀದಿಗೆ ಮುನ್ನ ತಿಳಿದಿರುವುದು ಲೇಸು.

ಮೆಮೊರಿಯ ಕೆಲಸವೇನು?

ಗಣಕಯಂತ್ರದಲ್ಲಿ ಮಾಹಿತಿಯು ಎರಡು ಸ್ಥಳಗಳಲ್ಲಿ ಇರುತ್ತದೆ. ಒಂದು ಶಾಶ್ವತ ಸಂಗ್ರಹ. ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಇನ್ನೊಂದು ತಾತ್ಕಾಲಿಕ ಸಂಗ್ರಹ. ಇದನ್ನೇ ರ್‍ಯಾಮ್ ಅಥವಾ ಮೆಮೊರಿ ಎಂದು ಕರೆಯುವುದು ವಾಡಿಕೆ. ಅಂಗಡಿಯ ಗುಮಾಸ್ತನ ಮೇಜು ಮತ್ತು ಗೋಡೆಯ ಕಪಾಟಿನ ಹೋಲಿಕೆಯಿಂದ ಇದನ್ನು ತಿಳಿಯಬಹುದು. ಎಲ್ಲ ಖಾತೆ ಪುಸ್ತಕಗಳೂ ಕಪಾಟಿನಲ್ಲಿರುತ್ತವೆ. ಕೆಲಸಕ್ಕೆ ಬೇಕಾದವುಗಳನ್ನು ಮಾತ್ರ ಗುಮಾಸ್ತನು ಮೇಜಿನ ಮೇಲೆ ಹರಡಿಕೊಳ್ಳುತ್ತಾನೆ. ಮೆಮೊರಿಯು ಆ ಮೇಜು; ಡಿಸ್ಕ್ ಆ ಕಪಾಟು; ಪ್ರೊಸೆಸರ್ ಆ ಗುಮಾಸ್ತ.

ಇಂದು ಬಳಕೆಯಲ್ಲಿರುವ ಮೆಮೊರಿ ಚಿಪ್‌ನ ಮೂಲ ವಿನ್ಯಾಸವು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರದು. ಅದಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಒಂದೊಂದು ಅತಿ ಸಣ್ಣ ವಿದ್ಯುತ್ ಕೋಶದಲ್ಲಿಯೂ ಒಂದು ಅಂಶದ ಮಾಹಿತಿಯು ವಿದ್ಯುದಾವೇಶದ ರೂಪದಲ್ಲಿ ನಿಲ್ಲುತ್ತದೆ. ಈ ಆವೇಶವು ಬೇಗನೆ ಸೋರಿಹೋಗುವುದರಿಂದ ಸೆಕೆಂಡಿಗೆ ಹಲವಾರು ಬಾರಿ ಅದನ್ನು ಮರಳಿ ತುಂಬುತ್ತಿರಬೇಕು. ವಿದ್ಯುತ್ ಹೋದೊಡನೆ ಉಳಿಸದ ನಮೂದುಗಳು ಅಳಿದುಹೋಗುವುದು ಈ ಕಾರಣದಿಂದಲೇ. ಮೆಮೊರಿಯ ಗಾತ್ರವನ್ನು ಎಷ್ಟೇ ಹೆಚ್ಚಿಸಿದರೂ ಯುಪಿಎಸ್‌ನ ಅಗತ್ಯವು ತಪ್ಪುವುದಿಲ್ಲ.

ಪೊಟ್ಟಣದ ಮೇಲಿನ ಅಂಕಿಗಳು

ಮೆಮೊರಿಯ ಪಟ್ಟಿಯನ್ನು ಕೊಳ್ಳಲು ಹೋದಾಗ "ಡಿಡಿಆರ್4-3200" ಅಥವಾ "ಪಿಸಿ4-25600" ಎಂಬಂತಹ ಬರಹಗಳು ಕಾಣುತ್ತವೆ. ಇವು ಎರಡು ಬೇರೆ ಸರಕುಗಳಲ್ಲ. ಒಂದೇ ಸರಕಿನ ಎರಡು ಹೆಸರುಗಳು.

ಡಿಡಿಆರ್ ಎಂಬುದು ಮೆಮೊರಿಯ ಒಂದು ಕುಟುಂಬದ ಹೆಸರು. ಗಡಿಯಾರದ ಒಂದೊಂದು ಮಿಡಿತಕ್ಕೂ ಎರಡು ಬಾರಿ ಮಾಹಿತಿಯನ್ನು ಸಾಗಿಸುವುದು ಇದರ ವೈಶಿಷ್ಟ್ಯ. ಜೆಡೆಕ್ ಎಂಬ ಮಾನಕ ಸಂಸ್ಥೆಯು ಮೊದಲ ಡಿಡಿಆರ್ ಮಾನಕವನ್ನು 2000ದಲ್ಲಿ ಪ್ರಕಟಿಸಿತು. ಅನಂತರ 2003ರಲ್ಲಿ ಡಿಡಿಆರ್2, 2007ರಲ್ಲಿ ಡಿಡಿಆರ್3, 2012ರಲ್ಲಿ ಡಿಡಿಆರ್4 ಹಾಗೂ 2020ರಲ್ಲಿ ಡಿಡಿಆರ್5 ಮಾನಕಗಳು ಬಂದವು. ಹೆಸರಿನ ಕೊನೆಯಲ್ಲಿರುವ ಅಂಕಿಯು ಪೀಳಿಗೆಯನ್ನು ಸೂಚಿಸುತ್ತದೆ.

ಅಡ್ಡಗೆರೆಯ ನಂತರದ 3200 ಎಂಬ ಅಂಕಿಯು ಸೆಕೆಂಡಿಗೆ ನಡೆಯುವ ಸಾಗಣೆಗಳ ಸಂಖ್ಯೆ. ಅಂದರೆ ಸೆಕೆಂಡಿಗೆ 3,200 ದಶಲಕ್ಷ ಸಾಗಣೆಗಳು. ಮಾರುಕಟ್ಟೆಯಲ್ಲಿ ಇದನ್ನು "3200 ಮೆಗಾಹರ್ಟ್ಸ್" ಎನ್ನುವ ರೂಢಿಯಿದೆ. ಆದರೆ ಒಂದು ಮಿಡಿತಕ್ಕೆ ಎರಡು ಸಾಗಣೆಗಳಿರುವುದರಿಂದ ಗಡಿಯಾರದ ನಿಜವಾದ ವೇಗವು 1600 ಮೆಗಾಹರ್ಟ್ಸ್ ಮಾತ್ರ. ಯಂತ್ರವನ್ನು ಪರೀಕ್ಷಿಸುವ ಕೆಲವು ತಂತ್ರಾಂಶಗಳು 1600 ಎಂದು ತೋರಿಸಿದಾಗ ಮೋಸ ಹೋದೆವೆಂದು ಗಾಬರಿಪಡಬೇಕಾಗಿಲ್ಲ. ಅದನ್ನು ಎರಡರಿಂದ ಗುಣಿಸಿದರೆ ಸಾಕು.

ಒಂದೊಂದು ಸಾಗಣೆಯಲ್ಲಿಯೂ 8 ಬೈಟ್ ಮಾಹಿತಿ ಸಾಗುತ್ತದೆ. 3,200ನ್ನು 8ರಿಂದ ಗುಣಿಸಿದರೆ 25,600 ಬರುತ್ತದೆ. ಅಂದರೆ ಸೆಕೆಂಡಿಗೆ 25,600 ಮೆಗಾಬೈಟ್ ಅಥವಾ 25.6 ಗಿಗಾಬೈಟ್. "ಪಿಸಿ4-25600" ಎಂಬ ಹೆಸರಿನ ಮೂಲ ಇದೇ. ಇದೇ ಲೆಕ್ಕದಂತೆ ಡಿಡಿಆರ್4-2400ರ ಸಾಗಣೆ ಶಕ್ತಿ 19.2 ಗಿಗಾಬೈಟ್, ಡಿಡಿಆರ್4-2666ರದು ಸುಮಾರು 21.3 ಗಿಗಾಬೈಟ್, ಡಿಡಿಆರ್5-4800ರದು 38.4 ಗಿಗಾಬೈಟ್ ಆಗುತ್ತದೆ.

ಮೊದಲ ಚೀಲ ಬರುವವರೆಗಿನ ಕಾಯುವಿಕೆ

ಮೇಲಿನ ಅಂಕಿಗಳನ್ನು ನೋಡಿದರೆ ಹೊಸ ಪೀಳಿಗೆಯ ಮೆಮೊರಿಯು ಹಳೆಯದಕ್ಕಿಂತ ದುಪ್ಪಟ್ಟು ಚುರುಕೆಂದು ಭಾವಿಸುವುದು ಸಹಜ. ಆದರೆ ವೇಗಕ್ಕೆ ಇನ್ನೊಂದು ಮುಖವಿದೆ. ಎಪಿಎಂಸಿ ಪ್ರಾಂಗಣದ ಗೋದಾಮಿನಿಂದ ಸರಕು ಎತ್ತುವ ಸಂದರ್ಭವನ್ನು ನೆನೆಯಬಹುದು. ಚೀಟಿ ಕೊಟ್ಟ ಕ್ಷಣದಿಂದ ಮೊದಲ ಚೀಲವು ಬಾಗಿಲಿಗೆ ಬರುವವರೆಗೆ ಹಿಡಿಯುವ ಸಮಯ ಒಂದು. ಆ ಮೇಲೆ ನಿಮಿಷಕ್ಕೆ ಎಷ್ಟು ಚೀಲಗಳು ಹೊರಬರುತ್ತವೆ ಎಂಬುದು ಇನ್ನೊಂದು. ಹಮಾಲರ ಸಂಖ್ಯೆಯನ್ನು ದ್ವಿಗುಣಗೊಳಿಸಿದರೆ ನಿಮಿಷಕ್ಕೆ ಬರುವ ಚೀಲಗಳು ಹೆಚ್ಚುತ್ತವೆ. ಆದರೆ ಚೀಟಿ ಓದಿ, ಸಾಲು ಹುಡುಕಿ, ಮೊದಲ ಚೀಲ ತರುವ ಸಮಯವು ಅಷ್ಟಾಗಿ ತಗ್ಗುವುದಿಲ್ಲ. ನೂರು ಚೀಲ ಬೇಕಾದವನಿಗೆ ಹೆಚ್ಚು ಹಮಾಲರಿಂದ ಲಾಭ; ಒಂದೇ ಚೀಲ ಬೇಕಾದವನಿಗೆ ಅದರಿಂದ ಪ್ರಯೋಜನವಿಲ್ಲ.

ಮೆಮೊರಿಯಲ್ಲಿ ಈ ಮೊದಲ ಕಾಯುವಿಕೆಯನ್ನು "ಸಿಎಲ್" ಎಂಬ ಅಂಕಿಯಿಂದ ಸೂಚಿಸುತ್ತಾರೆ. ಇದು ಗಡಿಯಾರದ ಮಿಡಿತಗಳ ಎಣಿಕೆ. ಸಿಎಲ್ ಅಂಕಿಯನ್ನು ಗಡಿಯಾರದ ವೇಗದಿಂದ ಭಾಗಿಸಿದರೆ ನಿಜವಾದ ಸಮಯ ಸಿಗುತ್ತದೆ. ಡಿಡಿಆರ್3-1600 ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ಸಿಎಲ್ 11. ಗಡಿಯಾರ 800 ಮೆಗಾಹರ್ಟ್ಸ್. ಕಾಯುವ ಸಮಯ 13.75 ನ್ಯಾನೊಸೆಕೆಂಡ್. ಡಿಡಿಆರ್4-3200 ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ಸಿಎಲ್ 22. ಗಡಿಯಾರ 1600 ಮೆಗಾಹರ್ಟ್ಸ್. ಕಾಯುವ ಸಮಯ ಮತ್ತೆ 13.75 ನ್ಯಾನೊಸೆಕೆಂಡ್. ಡಿಡಿಆರ್5-4800ರಲ್ಲಿ ಸಿಎಲ್ 40 ಇದ್ದರೆ ಕಾಯುವ ಸಮಯ 16.67 ನ್ಯಾನೊಸೆಕೆಂಡ್, ಅಂದರೆ ಮೊದಲಿನದಕ್ಕಿಂತ ತುಸು ಹೆಚ್ಚೇ. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಸಾಗಣೆ ಶಕ್ತಿ ಬೆಳೆದಿದೆ. ಮೊದಲ ಕಾಯುವಿಕೆಯು ಮಾತ್ರ ಹೆಚ್ಚು ಕಡಿಮೆ ಇದ್ದಲ್ಲಿಯೇ ಉಳಿದಿದೆ. ಬಿಲ್ ಬರೆಯುವುದು, ಖಾತೆ ತೆರೆಯುವುದು, ಒಂದು ಹೆಸರನ್ನು ಹುಡುಕುವುದು ಮುಂತಾದ ಕಚೇರಿಯ ಕೆಲಸಗಳಲ್ಲಿ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚೀಲವೇ ಹೊರತು ನೂರು ಚೀಲಗಳಲ್ಲ.

ಇಷ್ಟಲ್ಲದೆ, ಪ್ರೊಸೆಸರ್‌ನ ಒಳಗೇ ಕ್ಯಾಶ್ ಎಂಬ ಪುಟ್ಟ, ಅತಿ ವೇಗದ ಸಂಗ್ರಹವಿರುತ್ತದೆ. ಮತ್ತೆ ಮತ್ತೆ ಬೇಕಾಗುವ ಮಾಹಿತಿಯು ಅಲ್ಲಿಂದಲೇ ದೊರೆಯುವುದರಿಂದ ಪ್ರೊಸೆಸರ್ ಬಹುಪಾಲು ಸಂದರ್ಭಗಳಲ್ಲಿ ಮೆಮೊರಿಯ ಬಾಗಿಲಿಗೆ ಹೋಗುವುದೇ ಇಲ್ಲ. ಉದಾಹರಣೆಗೆ 10 ಸೆಕೆಂಡ್ ಹಿಡಿಯುವ ಒಂದು ಕೆಲಸದಲ್ಲಿ ಮೆಮೊರಿಗಾಗಿ ಕಾಯುವ ಪಾಲು 1 ಸೆಕೆಂಡ್ ಎಂದಿಟ್ಟುಕೊಳ್ಳೋಣ. 2666ರ ಬದಲು 3200ರ ಮೆಮೊರಿ ಹಾಕಿದರೆ ಸಾಗಣೆ ಶಕ್ತಿಯು ಶೇಕಡ 20ರಷ್ಟು ಹೆಚ್ಚುತ್ತದೆ. ಆ ಲಾಭವು ಪೂರ್ತಿಯಾಗಿ ದಕ್ಕಿತೆಂದೇ ಭಾವಿಸಿದರೂ 1 ಸೆಕೆಂಡಿನ ಪಾಲು 0.83 ಸೆಕೆಂಡಿಗೆ ಇಳಿಯುತ್ತದೆ. 10 ಸೆಕೆಂಡಿನ ಕೆಲಸವು 9.83 ಸೆಕೆಂಡಿನಲ್ಲಿ ಮುಗಿಯುತ್ತದೆ. ಕೌಂಟರಿನ ಮುಂದೆ ನಿಂತ ಗಿರಾಕಿಗೆ ಈ ವ್ಯತ್ಯಾಸ ತಿಳಿಯಲಾರದು.

ಯಂತ್ರದ ಮಿತಿ ಮೀರಿ ಓಡದು

ಮೆಮೊರಿ ಪಟ್ಟಿಯ ಮೇಲೆ ಬರೆದ ವೇಗವು ಅದರ ಸಾಮರ್ಥ್ಯವೇ ಹೊರತು ಯಂತ್ರದಲ್ಲಿ ಅದು ಓಡುವ ವೇಗವಲ್ಲ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಒಪ್ಪುವ ಗರಿಷ್ಠ ವೇಗವೇ ಅಂತಿಮ. ಇಂಟೆಲ್‌ನ ಕೋರ್ ಐ5-6500 ಪ್ರೊಸೆಸರ್ ಡಿಡಿಆರ್4ನ್ನು 2133ರವರೆಗೆ ಮಾತ್ರ ಒಪ್ಪುತ್ತದೆ. ಐ5-8400 ಮತ್ತು ಐ5-10400 ಪ್ರೊಸೆಸರ್‌ಗಳ ಮಿತಿ 2666. ಇಂತಹ ಯಂತ್ರಕ್ಕೆ 3200ರ ಪಟ್ಟಿಯನ್ನು ಹಾಕಿದರೆ ಅದು ಕೆಲಸ ಮಾಡುತ್ತದೆ. ಆದರೆ ಸಾಮಾನ್ಯ ಕಚೇರಿ ಯಂತ್ರಗಳಲ್ಲಿ 2666ರ ವೇಗದಲ್ಲಿಯೇ ಓಡುತ್ತದೆ. ಎರಡರ ಬೆಲೆಯೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ವೇಗಕ್ಕೆಂದೇ ಹೆಚ್ಚು ಹಣ ತೆತ್ತಿದ್ದರೆ ಅದು ವ್ಯರ್ಥ.

ಬೇರೆ ಬೇರೆ ವೇಗದ ಪಟ್ಟಿಗಳನ್ನು ಒಟ್ಟಿಗೆ ಹಾಕಿದಾಗ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. 2400ರ ಹಳೆಯ ಪಟ್ಟಿಯ ಪಕ್ಕದಲ್ಲಿ 3200ರ ಹೊಸ ಪಟ್ಟಿಯನ್ನು ಕೂರಿಸಿದರೆ ಎರಡೂ 2400ರಲ್ಲಿಯೇ ನಡೆಯುತ್ತವೆ. ಗಟ್ಟಿ ಎತ್ತಿನ ಜೊತೆಗೆ ಬಡ ಎತ್ತನ್ನು ಹೂಡಿದರೆ ಗಾಡಿಯು ಬಡ ಎತ್ತಿನ ನಡಿಗೆಯಲ್ಲಿಯೇ ಸಾಗುವಂತೆ.

ಇದಕ್ಕೆ ಪ್ರತಿಯಾಗಿ, ಒಂದೇ ವೇಗದ ಮತ್ತು ಒಂದೇ ಗಾತ್ರದ ಎರಡು ಪಟ್ಟಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಜೋಡಿಯಾಗಿ ಹಾಕಿದರೆ ಒಳ್ಳೆಯ ಲಾಭವಿದೆ. ಬಹುಪಾಲು ಯಂತ್ರಗಳಲ್ಲಿ ಮೆಮೊರಿಗೆ ಎರಡು ಸಮಾನಾಂತರ ದಾರಿಗಳಿರುತ್ತವೆ. ಒಂದೇ ಪಟ್ಟಿ ಇದ್ದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ. ಡಿಡಿಆರ್4-3200ರ ಎರಡು ಪಟ್ಟಿಗಳು ಜೋಡಿಯಾದಾಗ ಒಟ್ಟು ಸಾಗಣೆ ಶಕ್ತಿಯು 25.6ರಿಂದ 51.2 ಗಿಗಾಬೈಟ್‌ಗೆ ಏರುತ್ತದೆ. 16 ಗಿಗಾಬೈಟ್‌ನ ಒಂದು ಪಟ್ಟಿಗಿಂತ 8 ಗಿಗಾಬೈಟ್‌ನ ಎರಡು ಪಟ್ಟಿಗಳು ಮೇಲೆಂದು ಹೇಳುವುದು ಇದೇ ಕಾರಣಕ್ಕೆ.

ನಿಧಾನದ ನಿಜವಾದ ಕಾರಣಗಳು

ಹಾಗಾದರೆ ಯಂತ್ರವು ನಿಧಾನವಾಗುವುದೇಕೆ? ಮೊದಲ ಕಾರಣ, ಮೆಮೊರಿಯ ಗಾತ್ರ ಸಾಲದಿರುವುದು. ಮೇಜು ಚಿಕ್ಕದಾಗಿದ್ದರೆ ಗುಮಾಸ್ತನು ಹೊಸ ಪುಸ್ತಕ ತೆಗೆಯುವ ಮುನ್ನ ಹಳೆಯದನ್ನು ಕಪಾಟಿಗೆ ಇಟ್ಟು ಬರಬೇಕು. ಗಣಕಯಂತ್ರವೂ ಮೆಮೊರಿ ತುಂಬಿದಾಗ ತಾತ್ಕಾಲಿಕ ಮಾಹಿತಿಯನ್ನು ಡಿಸ್ಕಿಗೆ ಸಾಗಿಸುತ್ತದೆ. ಬೇಕಾದಾಗ ಮರಳಿ ತರುತ್ತದೆ. ಈ ಓಡಾಟದ ಬೆಲೆ ಬಹು ದೊಡ್ಡದು. ಪ್ರೊಸೆಸರ್‌ನಿಂದ ಹೊರಟ ಬೇಡಿಕೆಗೆ ಮೆಮೊರಿಯಿಂದ ಉತ್ತರ ಬರಲು ಎಲ್ಲ ಹಂತಗಳೂ ಸೇರಿ ಸುಮಾರು 100 ನ್ಯಾನೊಸೆಕೆಂಡ್ ಬೇಕೆನ್ನಬಹುದು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ಇದು ಲಕ್ಷ ಪಟ್ಟು ಹೆಚ್ಚು. ಮೆಮೊರಿಯ ಉತ್ತರಕ್ಕೆ 1 ಸೆಕೆಂಡ್ ಹಿಡಿಯುವುದೆಂದು ಭಾವಿಸಿದರೆ, ಹಾರ್ಡ್ ಡಿಸ್ಕಿನ ಉತ್ತರಕ್ಕೆ ಸುಮಾರು 28 ಗಂಟೆ ಕಾಯಬೇಕಾದೀತು. ಎಸ್‌ಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ಸುಮಾರು 100 ಮೈಕ್ರೊಸೆಕೆಂಡ್ ಸಾಕು. ಅದೇ ಹೋಲಿಕೆಯಲ್ಲಿ ಹೇಳುವುದಾದರೆ 17 ನಿಮಿಷ.

ಎರಡನೆಯ ಕಾರಣ ಡಿಸ್ಕಿನದೇ. ಗಾತ್ರ ಸಾಕಷ್ಟಿದ್ದರೂ ಯಂತ್ರವು ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಿಂದಲೇ ನಡೆಯುತ್ತಿದ್ದರೆ ಆರಂಭವಾಗುವುದು, ತಂತ್ರಾಂಶ ತೆರೆಯುವುದು, ಕಡತ ಉಳಿಸುವುದು ಎಲ್ಲವೂ ನಿಧಾನ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಅಳವಡಿಸಿದಾಗ ಕಾಣುವಷ್ಟು ಬದಲಾವಣೆಯು ಮೆಮೊರಿಯ ವೇಗವನ್ನು ಹೆಚ್ಚಿಸಿದಾಗ ಕಾಣುವುದಿಲ್ಲ.

ಮೂರನೆಯ ಕಾರಣ ಜಾಲದ್ದು. ನಾಲ್ಕಾರು ಮಂದಿ ಲೆಕ್ಕ ಬರೆಯುವ ಕಚೇರಿಗಳಲ್ಲಿ ದತ್ತಾಂಶವನ್ನು ಒಂದು ಯಂತ್ರದಲ್ಲಿಟ್ಟು ಉಳಿದ ಯಂತ್ರಗಳಿಂದ ಬಳಸುವುದು ವಾಡಿಕೆ. ನಡುವಿನ ಸ್ವಿಚ್ ಹಳೆಯದಾಗಿದ್ದು 100 ಮೆಗಾಬಿಟ್‌ನದಾಗಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಮಾತ್ರ ಸಾಗಬಲ್ಲದು. ಡಿಡಿಆರ್4-3200ರ ಒಂದು ಪಟ್ಟಿಯ ಸಾಗಣೆ ಶಕ್ತಿ ಇದರ ಎರಡು ಸಾವಿರ ಪಟ್ಟಿಗೂ ಹೆಚ್ಚು. ಊರ ಹೊರಗಿನ ರಸ್ತೆ ಕಿರಿದಾಗಿರುವಾಗ ಅಂಗಡಿಯ ಬಾಗಿಲನ್ನು ಅಗಲ ಮಾಡಿ ಫಲವಿಲ್ಲ.

ಕೊಳ್ಳುವ ಮುನ್ನ ಅಳೆಯುವ ಬಗೆ

ಈ ಕಾರಣಗಳಲ್ಲಿ ಯಾವುದು ತನ್ನ ಕಚೇರಿಗೆ ಅನ್ವಯಿಸುತ್ತದೆ ಎಂಬುದನ್ನು ವರ್ತಕನು ಖರ್ಚಿಲ್ಲದೆ ತಾನೇ ತಿಳಿಯಬಹುದು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬುದನ್ನು ಆರಿಸಿದರೆ ಒಟ್ಟು ಗಾತ್ರ, ಬಳಕೆಯಲ್ಲಿರುವ ಪ್ರಮಾಣ, ಈಗ ಓಡುತ್ತಿರುವ ವೇಗ, ಇರುವ ಸ್ಲಾಟ್‌ಗಳೆಷ್ಟು, ತುಂಬಿರುವವೆಷ್ಟು ಎಂಬ ವಿವರಗಳು ಕಾಣುತ್ತವೆ.

ಈ ಪರೀಕ್ಷೆಯನ್ನು ಬೆಳಿಗ್ಗೆ ಯಂತ್ರ ಆರಂಭಿಸಿದೊಡನೆ ಮಾಡಬಾರದು. ಕೆಲಸದ ಒತ್ತಡ ಅತಿ ಹೆಚ್ಚಿರುವ ಹೊತ್ತಿನಲ್ಲಿ, ಎಲ್ಲ ತಂತ್ರಾಂಶಗಳೂ ತೆರೆದಿರುವಾಗ, ಎರಡು ಮೂರು ದಿನ ನೋಡಿ ಬರೆದಿಟ್ಟುಕೊಳ್ಳುವುದು ಉತ್ತಮ. ಬಳಕೆಯು ಶೇಕಡ 60 ಅಥವಾ 70ರ ಆಸುಪಾಸಿನಲ್ಲಿದ್ದರೆ ಗಾತ್ರ ಸಾಕಷ್ಟಿದೆಯೆಂದು ತಿಳಿಯಬಹುದು. ಶೇಕಡ 90ನ್ನು ಮೀರಿ ಅಲ್ಲಿಯೇ ನಿಂತಿದ್ದು, ಅದೇ ಹೊತ್ತಿಗೆ ಡಿಸ್ಕಿನ ಬಳಕೆಯೂ ಶೇಕಡ 100ಕ್ಕೆ ಏರಿದ್ದರೆ ಮೆಮೊರಿಯ ಗಾತ್ರ ಸಾಲದೆಂಬುದಕ್ಕೆ ಅದು ಬಲವಾದ ಸೂಚನೆ. ಮೆಮೊರಿಯಲ್ಲಿ ಸ್ಥಳವಿದ್ದೂ ಡಿಸ್ಕ್ ಶೇಕಡ 100ರಲ್ಲಿದ್ದರೆ ದೋಷ ಡಿಸ್ಕಿನದು. ಎರಡೂ ಬಿಡುವಾಗಿದ್ದು ಲೆಕ್ಕದ ತಂತ್ರಾಂಶ ಮಾತ್ರ ನಿಧಾನವಾಗಿದ್ದರೆ ಜಾಲವನ್ನು ಪರೀಕ್ಷಿಸಬೇಕು.

ನಾಲ್ಕು ಸಂದರ್ಭಗಳು, ನಾಲ್ಕು ತೀರ್ಮಾನಗಳು

ಮೇಲಿನ ಅಂಶಗಳನ್ನು ನಿದರ್ಶನಗಳ ಮೂಲಕ ನೋಡಬಹುದು.

ಮೊದಲನೆಯದು, ಇಂಟೆಲ್‌ನ 7ನೇ ಪೀಳಿಗೆಯ ಪ್ರೊಸೆಸರ್, 4 ಗಿಗಾಬೈಟ್ ಮೆಮೊರಿ ಮತ್ತು ಹಾರ್ಡ್ ಡಿಸ್ಕ್ ಇರುವ ಯಂತ್ರ. ಮೆಮೊರಿಯ ಗಾತ್ರವು ಸಾಲದೆಂಬುದು ನಿಜ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ ಹಾಗೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಎಷ್ಟೇ ಮೆಮೊರಿ ಹಾಕಿದರೂ ಈ ಕೊರತೆ ನೀಗದು. ಬ್ಯಾಂಕ್ ವ್ಯವಹಾರ ಮತ್ತು ತೆರಿಗೆ ಸಲ್ಲಿಕೆಗೆ ಬಳಸುವ ಯಂತ್ರವಾದರೆ, ಆ ಹಣವನ್ನು ಹೊಸ ಯಂತ್ರದ ಖರೀದಿಗೆ ಕೂಡಿಡುವುದೇ ವಿವೇಕ.

ಎರಡನೆಯದು, 10ನೇ ಪೀಳಿಗೆಯ ಪ್ರೊಸೆಸರ್, ಎಸ್‌ಎಸ್‌ಡಿ ಮತ್ತು ಡಿಡಿಆರ್4-2666ರ 8 ಗಿಗಾಬೈಟ್‌ನ ಒಂದೇ ಪಟ್ಟಿ ಇರುವ ಯಂತ್ರ. ಒತ್ತಡದ ಹೊತ್ತಿನಲ್ಲಿ ಬಳಕೆ ಶೇಕಡ 90ನ್ನು ಮೀರುತ್ತದೆ. ಒಂದು ಸ್ಲಾಟ್ ಖಾಲಿಯಿದೆ. ಇಲ್ಲಿ ಹಳೆಯ ಪಟ್ಟಿಯನ್ನು ತೆಗೆಯಬೇಕಾಗಿಲ್ಲ. ಅದೇ ವೇಗದ, ಅದೇ ಗಾತ್ರದ ಇನ್ನೊಂದು ಪಟ್ಟಿಯನ್ನು ಸೇರಿಸಿದರೆ ಗಾತ್ರವೂ ಇಮ್ಮಡಿಯಾಗುತ್ತದೆ, ಎರಡು ದಾರಿಗಳೂ ಬಳಕೆಗೆ ಬರುತ್ತವೆ. ಮೆಮೊರಿಗೆ ಹಾಕಿದ ಹಣವು ಪೂರ್ಣ ಫಲ ಕೊಡುವ ಸಂದರ್ಭವಿದು.

ಮೂರನೆಯದು, 16 ಗಿಗಾಬೈಟ್ ಡಿಡಿಆರ್4-3200 ಇರುವ ಯಂತ್ರ. ಬಳಕೆಯು ಶೇಕಡ 50ನ್ನು ದಾಟುವುದಿಲ್ಲ. ಆದರೂ ಲೆಕ್ಕದ ವರದಿ ಬರಲು ನಿಮಿಷಗಳೇ ಬೇಕು. ದತ್ತಾಂಶವು ಇನ್ನೊಂದು ಯಂತ್ರದ ಹಾರ್ಡ್ ಡಿಸ್ಕಿನಲ್ಲಿದ್ದು 100 ಮೆಗಾಬಿಟ್ ಸ್ವಿಚ್ ಮೂಲಕ ಬರುತ್ತಿದೆ. ಇಲ್ಲಿ ಡಿಡಿಆರ್5 ಇರುವ ಹೊಸ ಯಂತ್ರ ತಂದರೂ ವರದಿಯು ಬೇಗ ಬರಲಾರದು. ಗಿಗಾಬಿಟ್ ಸ್ವಿಚ್ ಮತ್ತು ದತ್ತಾಂಶವಿರುವ ಯಂತ್ರಕ್ಕೊಂದು ಎಸ್‌ಎಸ್‌ಡಿ, ಇವೆರಡೇ ಸರಿಯಾದ ಪರಿಹಾರ.

ನಾಲ್ಕನೆಯದು, ಮುದ್ರಣಾಲಯ ಅಥವಾ ವಿನ್ಯಾಸ ಕೇಂದ್ರದ ಯಂತ್ರ. ದೊಡ್ಡ ಚಿತ್ರಗಳನ್ನು ಮತ್ತು ವಿಡಿಯೊಗಳನ್ನು ಸಂಸ್ಕರಿಸುವಾಗ ಬೇಕಾಗುವುದು ನೂರು ಚೀಲಗಳ ಸಾಗಣೆಯೇ. ಅದರಲ್ಲಿಯೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್‌ನಲ್ಲಿಯೇ ಅಡಕವಾದ ಗ್ರಾಫಿಕ್ಸ್ ಬಳಸುವ ಯಂತ್ರಗಳಲ್ಲಿ ಚಿತ್ರದ ಕೆಲಸಕ್ಕೂ ಇದೇ ಮೆಮೊರಿ ಬಳಕೆಯಾಗುತ್ತದೆ. ಇಂತಹ ಕಡೆ ಜೋಡಿ ಪಟ್ಟಿ ಮತ್ತು ಹೆಚ್ಚಿನ ವೇಗ ಎರಡರಿಂದಲೂ ಕಣ್ಣಿಗೆ ಕಾಣುವ ಲಾಭವುಂಟು. ಆದರೂ ಗಾತ್ರಕ್ಕೆ ಮೊದಲ ಸ್ಥಾನ, ವೇಗಕ್ಕೆ ಎರಡನೆಯ ಸ್ಥಾನ ಎಂಬ ಕ್ರಮವು ಇಲ್ಲಿಯೂ ಬದಲಾಗದು.

ಖರೀದಿಯಲ್ಲಿ ವಹಿಸಬೇಕಾದ ಎಚ್ಚರ

ಮೆಮೊರಿ ಬೇಕೆಂದು ತೀರ್ಮಾನವಾದ ಮೇಲೂ ಕೆಲವು ಅಂಶಗಳನ್ನು ಗಮನಿಸಬೇಕು. ಒಂದು ಪೀಳಿಗೆಯ ಪಟ್ಟಿಯು ಇನ್ನೊಂದು ಪೀಳಿಗೆಯ ಸ್ಲಾಟ್‌ನಲ್ಲಿ ಕೂರುವುದಿಲ್ಲ. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳೆರಡಕ್ಕೂ 288 ಪಿನ್‌ಗಳಿದ್ದರೂ ಕಚ್ಚಿನ ಸ್ಥಾನ ಬೇರೆ. ಐ5-12400ರಂತಹ ಪ್ರೊಸೆಸರ್ ಎರಡೂ ಬಗೆಗಳನ್ನು ಒಪ್ಪುತ್ತದೆ. ಆದರೆ ಯಂತ್ರದಲ್ಲಿ ಯಾವುದನ್ನು ಹಾಕಬಹುದೆಂಬುದನ್ನು ಅದರ ಮದರ್‌ಬೋರ್ಡ್ ನಿರ್ಧರಿಸುತ್ತದೆ. ಲ್ಯಾಪ್‌ಟಾಪ್‌ಗಳಿಗೆ ಚಿಕ್ಕ ಪಟ್ಟಿಗಳು ಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಹೆಚ್ಚಿಸಲು ಅವಕಾಶವೇ ಇರುವುದಿಲ್ಲ. ಸರ್ವರ್‌ಗಳಿಗೆಂದು ತಯಾರಾದ ರಿಜಿಸ್ಟರ್ಡ್ ಪಟ್ಟಿಗಳು ಕಡಿಮೆ ಬೆಲೆಗೆ ಸಿಕ್ಕರೂ ಸಾಮಾನ್ಯ ಯಂತ್ರದಲ್ಲಿ ಅವು ಕೆಲಸ ಮಾಡುವುದಿಲ್ಲ. 32 ಬಿಟ್‌ನ ವಿಂಡೋಸ್ ಇದ್ದರೆ 4 ಗಿಗಾಬೈಟ್‌ಗಿಂತ ಹೆಚ್ಚಿನದು ಉಪಯೋಗಕ್ಕೆ ಬಾರದು.

ಪಟ್ಟಿಯನ್ನು ಹಾಕಿಸುವ ಮುನ್ನ ಲೆಕ್ಕಪತ್ರಗಳ ಬ್ಯಾಕಪ್ ತೆಗೆದಿರಿಸಬೇಕು. ವಿದ್ಯುತ್ ಸಂಪರ್ಕವನ್ನು ಕಿತ್ತ ನಂತರವೇ ಯಂತ್ರವನ್ನು ಬಿಚ್ಚಬೇಕು. ಪಟ್ಟಿಯನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ದೇಹದಲ್ಲಿನ ಸ್ಥಾಯಿ ವಿದ್ಯುತ್ತನ್ನು ಹರಿಯಗೊಡಬೇಕು. ಹಾಕಿದ ಮೇಲೆ ಗಾತ್ರ ಮತ್ತು ವೇಗವನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ ಖಚಿತಪಡಿಸಿಕೊಂಡು, ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆಯನ್ನು ಒಮ್ಮೆ ನಡೆಸುವುದು ಅವಶ್ಯ. ದೋಷವುಳ್ಳ ಮೆಮೊರಿಯು ಯಂತ್ರವನ್ನು ನಿಲ್ಲಿಸುವುದಷ್ಟೇ ಅಲ್ಲ, ಬರೆದ ಅಂಕಿಗಳನ್ನು ಸದ್ದಿಲ್ಲದೆ ಕೆಡಿಸಲೂಬಹುದು. ಲೆಕ್ಕದ ಯಂತ್ರದಲ್ಲಿ ನಿಧಾನಕ್ಕಿಂತ ಅದು ದೊಡ್ಡ ಅಪಾಯ. ಇದೇ ಕಾರಣಕ್ಕೆ, ಮಾನಕದ ವೇಗವನ್ನು ಮೀರಿ ಓಡಿಸುವ ಎಕ್ಸ್‌ಎಂಪಿ ಮುಂತಾದ ಏರ್ಪಾಡುಗಳು ಕಚೇರಿಯ ಯಂತ್ರಕ್ಕೆ ಬೇಕಾಗಿಲ್ಲ.

ತೆರಿಗೆ ಸರಕುಪಟ್ಟಿಯಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿ ಪಡೆದರೆ, ನಿಯಮಗಳಿಗೆ ಒಳಪಟ್ಟು ಪಾವತಿಸಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಸರಕುಪಟ್ಟಿಯಿಲ್ಲದೆ ತುಸು ಅಗ್ಗವಾಗಿ ಕೊಂಡ ಪಟ್ಟಿಯಲ್ಲಿ ಈ ಜಮೆಯೂ ಇಲ್ಲ, ಖಾತರಿಯೂ ಇಲ್ಲ.

ಬೆಲೆ ಏರಿದಾಗಿನ ವಿವೇಕ

ಜಗತ್ತಿನ ಮೆಮೊರಿ ಚಿಪ್‌ಗಳ ಬಹುಭಾಗವನ್ನು ತಯಾರಿಸುವವು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆ ಹೆಚ್ಚಿದಂತೆ ಈ ಕಂಪನಿಗಳ ಉತ್ಪಾದನೆಯು ಹೆಚ್ಚು ಹೆಚ್ಚಾಗಿ ಅತ್ತ ಹರಿಯಿತು. 2025ರಲ್ಲಿ ಸಾಮಾನ್ಯ ಬಳಕೆದಾರರ ಮೆಮೊರಿ ತುಟ್ಟಿಯಾದುದಕ್ಕೆ ಇದೇ ಪ್ರಧಾನ ಕಾರಣ. ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಷಿಯಲ್ ಎಂಬ ಹೆಸರಿನ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಮೈಕ್ರಾನ್ ಕಂಪನಿಯು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಇಂತಹ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದೆಂದು ಕಾಯುವುದಾಗಲಿ, ಇನ್ನೂ ಏರುವುದೆಂದು ಹೆದರಿ ಕೊಂಡಿಡುವುದಾಗಲಿ ವರ್ತಕನ ಕಸುಬಲ್ಲ. ಅಳತೆಯು ಗಾತ್ರ ಸಾಲದೆಂದು ತೋರಿಸಿದರೆ, ದಿನವೂ ನಷ್ಟವಾಗುವ ಕೆಲಸದ ಸಮಯಕ್ಕೆ ಹೋಲಿಸಿ ಇಂದೇ ಕೊಳ್ಳುವುದು ಲಾಭ. ಗಾತ್ರ ಸಾಕೆಂದು ತೋರಿಸಿದರೆ, ವೇಗದ ಅಂಕಿ ಎಷ್ಟೇ ಆಕರ್ಷಕವಾಗಿದ್ದರೂ ಹಣವನ್ನು ಕೈಯಲ್ಲಿಯೇ ಉಳಿಸಿಕೊಳ್ಳುವುದು ಲಾಭ. ಹೊಸ ಯಂತ್ರವನ್ನು ಕೊಳ್ಳುವವರು ಮಾತ್ರ ಆರಂಭದಲ್ಲಿಯೇ ಎಸ್‌ಎಸ್‌ಡಿ, ಜೋಡಿ ಪಟ್ಟಿಗಳು ಹಾಗೂ ಸಾಧ್ಯವಾದರೆ ಮುಂದಕ್ಕೆ ಖಾಲಿ ಸ್ಲಾಟ್‌ಗಳು ಇರುವಂತೆ ನೋಡಿಕೊಳ್ಳಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಕಚೇರಿಯ ಗಣಕಯಂತ್ರದ ಮಟ್ಟಿಗೆ ವಿಚಾರಿಸಬೇಕಾದ ಕ್ರಮ ಹೀಗಿದೆ: ಯಂತ್ರಕ್ಕೆ ಇನ್ನೂ ಬಾಳಿಕೆಯಿದೆಯೇ ಎಂಬುದು ಮೊದಲು, ಮೆಮೊರಿಯ ಗಾತ್ರ, ಡಿಸ್ಕ್ ಮತ್ತು ಜಾಲ ಅನಂತರ, ಮೆಮೊರಿಯ ವೇಗ ಕಟ್ಟಕಡೆಗೆ. ಸರಕನ್ನು ತೂಗಿ ನೋಡದೆ ಬೆಲೆ ಕಟ್ಟದ ವರ್ತಕ ಸಮುದಾಯವು ತನ್ನ ಮೇಜಿನ ಮೇಲಿರುವ ಯಂತ್ರದ ವಿಷಯದಲ್ಲಿಯೂ ಅದೇ ಪದ್ಧತಿಯನ್ನು ಪಾಲಿಸಿದರೆ ಅನಗತ್ಯ ವೆಚ್ಚ ತಪ್ಪುತ್ತದೆ, ಅಗತ್ಯವಾದ ವೆಚ್ಚವು ಸರಿಯಾದ ಕಡೆ ಸಲ್ಲುತ್ತದೆ.